ಒಂದು ಹೊರೆ ಸೌದೆಯಿಂದ ತೊಡಗಿದ ಶಿಷ್ಯತ್ವ

ಕಳೆದ ವರ್ಷ ತಪಸ್ಸುಕಾಲದ ಮೊದಲ ಭಾನುವಾರ, ಬಲಿಪೂಜೆಯ ಕೊನೆಯ ಆಶೀರ್ವಾದಕ್ಕೆ ಮುನ್ನ, ನಾವು ಒಂದು ಪ್ರಕಟಣೆಯನ್ನು ಓದಿದೆವು. ನಮ್ಮ ಧರ್ಮಕೇಂದ್ರದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯಲ್ಲಿ ಏಳೇ ಮಂದಿ ಉಳಿದಿದ್ದಾರೆ, ಅವರಲ್ಲಿ ಐವರು ಎಪ್ಪತ್ತು ದಾಟಿದವರು, ವಾರಕ್ಕೆ ಎರಡು ಗಂಟೆ ಬಿಡುವು ಮಾಡಿಕೊಳ್ಳಬಲ್ಲವರು ಹೆಸರು ಕೊಡಬೇಕು ಎಂಬುದು ಅದರ ಸಾರಾಂಶ. ಮುಂದಿನ ಭಾನುವಾರದೊಳಗೆ ನಮ್ಮ ಕಚೇರಿಗೆ ಹದಿಮೂರು ಲಕೋಟೆಗಳು ಬಂದವು. ಹದಿಮೂರರಲ್ಲಿಯೂ ಹಣವಿತ್ತು. ಹೆಸರು ಒಂದೂ ಇರಲಿಲ್ಲ.

ಅದೇ ದಿನ ಪೂಜೆಯ ಬಳಿಕ ಇಗರ್ಜಿಯ ಅಂಗಳದಲ್ಲಿ ಒಬ್ಬ ತರುಣ ನಮ್ಮನ್ನು ಕಂಡನು. ಬೆಂಗಳೂರಿನ ಕಂಪೆನಿಯೊಂದರ ಕೆಲಸವನ್ನು ಮನೆಯಲ್ಲಿದ್ದುಕೊಂಡೇ ಮಾಡುವವನು. ಒಳ್ಳೆಯ ಮನಸ್ಸಿನ ಹುಡುಗ. "ಫಾದರ್, ತಿಂಗಳಿಗೆ ಎಷ್ಟು ಬೇಕು ಹೇಳಿ, ಕಳುಹಿಸುತ್ತೇನೆ. ಮನೆಮನೆಗೆ ಹೋಗುವುದು ಮಾತ್ರ ನನ್ನಿಂದಾಗದು. ಅಲ್ಲಿ ಹೋಗಿ ನಾನೇನು ಮಾತನಾಡಲಿ? ಹಣ ತಲುಪಿದರೆ ಸಾಲದೇ?" ಎಂದನು.

ನಾವು ಏನೋ ಒಂದು ಸಮಾಧಾನದ ಮಾತು ಹೇಳಿ ಅವನನ್ನು ಕಳುಹಿಸಿದೆವು. ಆದರೆ ಪ್ರಶ್ನೆ ನಮ್ಮೊಡನೆಯೇ ಉಳಿಯಿತು. ಅದು ಜಿಪುಣನ ಪ್ರಶ್ನೆಯಲ್ಲ, ಸೋಮಾರಿಯ ಪ್ರಶ್ನೆಯೂ ಅಲ್ಲ. ಹಸಿದವನಿಗೆ ಅನ್ನ ಮುಖ್ಯವೇ ಹೊರತು ಅದನ್ನು ತಂದವನ ಮುಖವಲ್ಲ ಎಂದು ಪ್ರಾಮಾಣಿಕವಾಗಿ ನಂಬಿದವನ ಪ್ರಶ್ನೆ. ಅಂದು ಕೊಡಲಾಗದ ಉತ್ತರವನ್ನು ಇಂದು ಈ ಅಂಕಣದಲ್ಲಿ ಬರೆಯಲು ಯತ್ನಿಸುತ್ತಿದ್ದೇವೆ.

ಪ್ಯಾರಿಸ್ಸಿನಲ್ಲಿ ಕೇಳಿದ ಪ್ರಶ್ನೆ

ಸುಮಾರು ಇನ್ನೂರು ವರ್ಷಗಳ ಹಿಂದೆ ಇನ್ನೊಬ್ಬ ತರುಣನ ಮುಂದೆಯೂ ಒಂದು ಪ್ರಶ್ನೆ ಬಂದಿತ್ತು. ಫ್ರೆಡ್ರಿಕ್ ಓಝಾನಾಮ್ 1813ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ, ಫ್ರೆಂಚ್ ವೈದ್ಯರೊಬ್ಬರ ಮಗನಾಗಿ ಹುಟ್ಟಿದವನು. 1831ರಲ್ಲಿ ಕಾನೂನು ಓದಲು ಪ್ಯಾರಿಸ್ಸಿಗೆ ಬಂದನು. ಮರುವರ್ಷವೇ ಆ ನಗರವನ್ನು ಕಾಲರಾ ಹೊಕ್ಕಿತು. 1832ರಲ್ಲಿ ಅಲ್ಲಿ ಆ ರೋಗಕ್ಕೆ ಬಲಿಯಾದವರು 18 ಸಾವಿರಕ್ಕೂ ಹೆಚ್ಚು. ಅವರಲ್ಲಿ ಬಹುಮಂದಿ ಇಕ್ಕಟ್ಟಾದ ಓಣಿಗಳ ಬಡವರು.

ಅದೇ ಓಣಿಗಳ ಸಮೀಪದಲ್ಲಿ ಕಥೋಲಿಕ ವಿದ್ಯಾರ್ಥಿಗಳು ಒಂದು ಚರ್ಚಾಕೂಟ ನಡೆಸುತ್ತಿದ್ದರು. ಚರಿತ್ರೆ, ತತ್ತ್ವಶಾಸ್ತ್ರ, ಧರ್ಮ ಎಲ್ಲವೂ ಅಲ್ಲಿ ಚರ್ಚೆಗೆ ಬರುತ್ತಿದ್ದವು. ಧರ್ಮವನ್ನು ಒಪ್ಪದವರಿಗೂ ಅಲ್ಲಿ ಪ್ರವೇಶವಿತ್ತು. ಕ್ರೈಸ್ತಧರ್ಮವು ಲೋಕಕ್ಕೆ ಮಾಡಿದ ಉಪಕಾರವನ್ನು ಓಝಾನಾಮ್ ವಾಗ್ಮಿಯಾಗಿ ವಿವರಿಸುತ್ತಿದ್ದನು. ಒಂದು ದಿನ ಎದುರಾಳಿಗಳು ಅವನನ್ನು ತಡೆದು ಕೇಳಿದರು: ಹಿಂದೆ ಮಾಡಿದ್ದಿರಬಹುದು, ಒಪ್ಪಿದೆವು, ಇಂದು ಈ ಊರಿನ ಬಡವರಿಗಾಗಿ ನೀವು ಮಾಡುತ್ತಿರುವುದೇನು?

ಓಝಾನಾಮನಿಗೆ ಸೋಲಿನ ರುಚಿ ಹತ್ತಿತು. ವಾದದಲ್ಲಿ ಸೋತವನು ಸಾಮಾನ್ಯವಾಗಿ ಇನ್ನೂ ಬಲವಾದ ವಾದವನ್ನು ಹುಡುಕುತ್ತಾನೆ. ಇವನು ಹಾಗೆ ಮಾಡಲಿಲ್ಲ. ಅವನೂ ಅವನ ಸ್ನೇಹಿತನೊಬ್ಬನೂ ತಮ್ಮ ಕೋಣೆಯಲ್ಲಿ ಚಳಿಗಾಲಕ್ಕೆಂದು ಉಳಿಸಿಕೊಂಡಿದ್ದ ಸೌದೆಯನ್ನು ಹೊತ್ತುಕೊಂಡು ಹೋಗಿ ಬಡವನೊಬ್ಬನ ಮನೆಗೆ ಕೊಟ್ಟರೆಂದು ಹೇಳುತ್ತಾರೆ. 1833ರ ಏಪ್ರಿಲ್ 23ರಂದು, ಓಝಾನಾಮನಿಗೆ ಇಪ್ಪತ್ತು ವರ್ಷ ತುಂಬಿದ ದಿನ, ಆರು ಮಂದಿ ವಿದ್ಯಾರ್ಥಿಗಳು ಬಾಯಿ ಎಂಬ ಹಿರಿಯ ಪತ್ರಿಕಾ ಸಂಪಾದಕರ ಮಾರ್ಗದರ್ಶನದಲ್ಲಿ ಸಭೆ ಸೇರಿದರು. ಇಂದು ಸುಮಾರು 150 ದೇಶಗಳಲ್ಲಿರುವ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಹುಟ್ಟು ಅದು. ನಮ್ಮ ದೇಶದಲ್ಲಿ ಅದರ ಮೊದಲ ಶಾಖೆ 1863ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು.

ಓದುಗರು ಒಂದು ಅಂಶವನ್ನು ಗಮನಿಸಬೇಕು. ಈ ವಿದ್ಯಾರ್ಥಿಗಳಿಗೆ ಬಡವರ ಮನೆಗೆ ಹೋಗುವುದು ಹೇಗೆಂದು ತಿಳಿದಿರಲಿಲ್ಲ. ನಮ್ಮ ತರುಣನಂತೆಯೇ ಅವರಿಗೂ ಅಲ್ಲಿ ಹೋಗಿ ಏನು ಮಾತನಾಡಬೇಕೆಂಬ ಅಂಜಿಕೆ. ಅವರು ಮೂಫ್‌ತಾರ್ ಬೀದಿಯ ಬಡಜನರ ನಡುವೆ ದುಡಿಯುತ್ತಿದ್ದ ಧರ್ಮಭಗಿನಿ ರೊಸಾಲಿ ರೆಂದು ಅವರ ಬಳಿಗೆ ಹೋದರು. ಯಾವ ಮನೆಗೆ ಹೋಗಬೇಕು, ಹೇಗೆ ಕುಳಿತುಕೊಳ್ಳಬೇಕು, ಹೇಗೆ ಕಿವಿಗೊಡಬೇಕು ಎಂಬುದನ್ನು ಆಕೆ ಕಲಿಸಿದರು. ಕಾನೂನು, ಸಾಹಿತ್ಯಗಳನ್ನು ಓದುತ್ತಿದ್ದ ವಿಶ್ವವಿದ್ಯಾಲಯದ ಬುದ್ಧಿವಂತರು ಬೀದಿಯ ಸೇವಕಿಯೊಬ್ಬರ ಮುಂದೆ ಮತ್ತೆ ಮೊದಲ ತರಗತಿಗೆ ಸೇರಿದರು. ಜಗದ್ಗುರು ದ್ವಿತೀಯ ಜಾನ್ ಪಾವ್ಲರು 1997ರ ಆಗಸ್ಟ್ 22ರಂದು ಓಝಾನಾಮನನ್ನೂ, 2003ರ ನವೆಂಬರ್ 9ರಂದು ಸಿಸ್ಟರ್ ರೊಸಾಲಿಯನ್ನೂ ಪುನೀತರೆಂದು ಘೋಷಿಸಿದರು. ಶಿಷ್ಯನಿಗಿಂತ ಆರು ವರ್ಷ ತಡವಾಗಿ ಗುರುವಿಗೆ ಆ ಮನ್ನಣೆ ಬಂದಿತು.

ಶಿಷ್ಯನೆಂದರೆ ಯಾರು?

ಶಿಷ್ಯ ಎಂಬ ಪದದ ಅರ್ಥವೇ ಕಲಿಸಲ್ಪಡಬೇಕಾದವನು, ತಿದ್ದಲ್ಪಡಬೇಕಾದವನು ಎಂದು. ಕ್ರಿಸ್ತರ ಶಿಷ್ಯರೆಂದು ಹೇಳಿಕೊಳ್ಳುವ ನಾವು ಹಲವು ಸಲ ಈ ಅರ್ಥವನ್ನು ಮರೆಯುತ್ತೇವೆ. ಜ್ಞಾನಸ್ನಾನ ಹೊಂದಿದ ದಿನವೇ ಶಿಷ್ಯತ್ವ ಪೂರ್ಣವಾಯಿತೆಂದೂ, ಧರ್ಮೋಪದೇಶದ ಪರೀಕ್ಷೆಯಲ್ಲಿ ತೇರ್ಗಡೆಯಾದ ದಿನ ಕಲಿಯುವುದು ಮುಗಿಯಿತೆಂದೂ ಭಾವಿಸುತ್ತೇವೆ. ಆಮೇಲೆ ಉಳಿಯುವುದು ಕೊಡುವುದು ಮಾತ್ರ: ಕಾಣಿಕೆ ಕೊಡುವುದು, ವಂತಿಗೆ ಕೊಡುವುದು, ಬಡವರಿಗೆ ಒಂದಷ್ಟು ಕೊಡುವುದು.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದ ಕಾಲದಲ್ಲಿ ನಮಗೆ ಅರಿಸ್ಟಾಟಲನ ನೀತಿಶಾಸ್ತ್ರವನ್ನು ಕಲಿಸಿದ್ದರು. ಸದ್ಗುಣವು ಪುಸ್ತಕ ಓದಿ ಬರುವುದಲ್ಲ, ಮಾಡಿ ಬರುವುದು ಎಂಬುದು ಅವನ ಮತ. ಮನೆ ಕಟ್ಟುತ್ತ ಕಟ್ಟುತ್ತ ಒಬ್ಬನು ಬಡಗಿಯಾಗುವಂತೆ, ನ್ಯಾಯವನ್ನು ಮಾಡುತ್ತ ಮಾಡುತ್ತ ನ್ಯಾಯವಂತನಾಗುತ್ತಾನೆ. ಹೊಳೆಯ ದಡದಲ್ಲಿ ಕುಳಿತು ಈಜು ಕಲಿತವರಿಲ್ಲ ಎಂದು ನಮ್ಮ ಹಳ್ಳಿಯ ಹಿರಿಯರೂ ಹೇಳುತ್ತಾರೆ. ಪ್ರಭು ಯೇಸುವಿನ ಪಾಠಶಾಲೆಯೂ ಇದೇ ಬಗೆಯದು. ಅವರು ಹನ್ನೆರಡು ಮಂದಿಯನ್ನು ಕರೆದು ಒಂದು ಕೊಠಡಿಯಲ್ಲಿ ಕೂರಿಸಲಿಲ್ಲ. ತಮ್ಮ ಹಿಂದೆ ನಡೆಯಿರಿ ಎಂದರು. ದಾರಿಯಲ್ಲಿ ಕುಷ್ಠರೋಗಿ ಎದುರಾದಾಗ, ಕುರುಡನು ಕೂಗಿ ಕರೆದಾಗ, ಐದು ಸಾವಿರ ಮಂದಿಗೆ ರೊಟ್ಟಿ ಹಂಚುವಾಗ ಅವರ ಪಾಠ ನಡೆಯುತ್ತಿತ್ತು.

ಆದುದರಿಂದ ಸೇವೆಯು ಶಿಷ್ಯತ್ವದ ಫಲ ಎಂದು ಹೇಳಿದರೆ ಅರ್ಧ ಸತ್ಯವನ್ನು ಹೇಳಿದಂತಾಯಿತು. ಸೇವೆಯು ಶಿಷ್ಯತ್ವದ ಶಾಲೆಯೂ ಹೌದು. ಆ ಶಾಲೆಯಲ್ಲಿ ಪಾಠ ಹೇಳುವವರು ಯಾರು ಎಂಬುದು ನಮಗೆ ತಡವಾಗಿ, ಒಂದು ತಪ್ಪಿನ ಮೂಲಕ ತಿಳಿಯಿತು.

ಅಕ್ಕಿ ಮುಗಿಯಿತು, ಫೋಟೋ ಮುಗಿಯಲಿಲ್ಲ

2020ರ ಮಾರ್ಚ್ ಕೊನೆಯಲ್ಲಿ ದೇಶಕ್ಕೆಲ್ಲ ಬೀಗ ಬಿದ್ದಾಗ ನಾವು ಬೇರೊಂದು ಧರ್ಮಕೇಂದ್ರದಲ್ಲಿದ್ದೆವು. ಬೀಡಿ ಕಟ್ಟಿ ಜೀವನ ಸಾಗಿಸುವ ಮನೆಗಳು ಅಲ್ಲಿ ಬಹಳ. ಎಲೆ, ಹೊಗೆಸೊಪ್ಪು ಬರುವುದು ನಿಂತಿತು, ಕೂಲಿಯೂ ನಿಂತಿತು. ನಾವು ಉತ್ಸಾಹದಿಂದ ದಾನಿಗಳನ್ನು ಸಂಪರ್ಕಿಸಿ ಅಕ್ಕಿ, ಬೇಳೆ, ಎಣ್ಣೆಗಳ ಕಿಟ್ ಸಿದ್ಧಪಡಿಸಿದೆವು. ಇಗರ್ಜಿಯ ಮೈದಾನದಲ್ಲಿ ಸುಣ್ಣದ ವೃತ್ತಗಳನ್ನು ಬರೆದು, ಜನರನ್ನು ಅಂತರದಲ್ಲಿ ನಿಲ್ಲಿಸಿ, ಜಾತಿ ಮತ ನೋಡದೆ ಹಂಚಿದೆವು. ದಾನಿಗಳಿಗೆ ಲೆಕ್ಕ ತೋರಿಸಬೇಕಲ್ಲ? ಪ್ರತಿಯೊಬ್ಬರಿಗೂ ಚೀಲ ಕೊಡುವಾಗ ಫೋಟೋ ತೆಗೆಸಿದೆವು. ಅವು ಅದೇ ಸಂಜೆ ಊರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲೆಲ್ಲ ಹರಿದಾಡಿದವು. ನಮಗೆ ಹಲವರು ಅಭಿನಂದನೆ ತಿಳಿಸಿದರು. ನಮಗೆ ಸಂತೋಷವೂ ಆಯಿತು.

ಎರಡನೆಯ ಬಾರಿ ಹಂಚುವಾಗ ಒಬ್ಬ ತಾಯಿ ಬರಲಿಲ್ಲ. ಅವರ ಮನೆಯ ಕಷ್ಟ ನಮಗೆ ತಿಳಿದಿತ್ತು. ಅಲ್ಲಿನ ವಿನ್ಸೆಂಟ್ ದೆ ಪಾವ್ಲ್ ಸಭೆಯ ಅಧ್ಯಕ್ಷೆ ನಿವೃತ್ತ ನರ್ಸ್ ಒಬ್ಬರು. ವಿಚಾರಿಸಿ ಬನ್ನಿ ಎಂದು ಅವರನ್ನು ಕಳುಹಿಸಿದೆವು. ಒಂದು ಗಂಟೆಯ ಮೇಲೆ ಅವರು ಮರಳಿ ಬಂದರು. ಆ ತಾಯಿಯ ಮಗಳಿಗೆ ಸಂಬಂಧ ಕೂಡಿಬರುವುದರಲ್ಲಿತ್ತು. ತಾಯಿ ಸೆರಗು ಮುಖಕ್ಕೆಳೆದುಕೊಂಡು ನಮ್ಮ ಕೈಯಿಂದ ಚೀಲ ಪಡೆಯುವ ಫೋಟೋ ಗಂಡಿನ ಮನೆಯವರ ಮೊಬೈಲಿಗೂ ಹೋಗಿ ಮುಟ್ಟಿತ್ತು. "ಫಾದರ್ ಕೊಟ್ಟ ಅಕ್ಕಿ ಹತ್ತು ದಿನಕ್ಕೆ ಮುಗಿಯಿತು, ಫೋಟೋ ಮಾತ್ರ ಮುಗಿಯುವುದಿಲ್ಲ ಬಾಯಿ" ಎಂದು ಆಕೆ ಹೇಳಿದರಂತೆ.

"ನೀವೇನು ಹೇಳಿದಿರಿ?" ಎಂದು ನಾವು ಕೇಳಿದೆವು.

"ನಾನೇನೂ ಹೇಳಲಿಲ್ಲ ಫಾದರ್. ಅವರು ಹಾಲು ಹಾಕದ ಚಹಾ ಮಾಡಿಕೊಟ್ಟರು. ಜಗಲಿಯಲ್ಲಿ ದೂರ ಕುಳಿತು ಕುಡಿದೆ. ಅವರು ಹೇಳಿದ್ದನ್ನು ಕೇಳಿದೆ."

ಈ ಘಟನೆಯ ಬಳಿಕ ನಾವು ಯೊವಾನ್ನನ ಶುಭಸಂದೇಶದ ಹದಿಮೂರನೆಯ ಅಧ್ಯಾಯವನ್ನು ಬೇರೆಯೇ ರೀತಿಯಲ್ಲಿ ಓದತೊಡಗಿದೆವು. ಪ್ರತಿ ಪವಿತ್ರ ಗುರುವಾರ ನಾವು ಹನ್ನೆರಡು ಮಂದಿಯ ಪಾದ ತೊಳೆಯುತ್ತೇವೆ. ಸೇವೆ ಮಾಡಿರಿ ಎಂದು ಪ್ರಬೋಧನೆ ನೀಡುತ್ತೇವೆ. ಅದೇ ಅಧ್ಯಾಯದಲ್ಲಿ ಪೇತ್ರನು ತನ್ನ ಪಾದ ತೊಳೆಯಿಸಿಕೊಳ್ಳಲು ನಿರಾಕರಿಸಿದ್ದನ್ನು ಮಾತ್ರ ಬೇಗ ದಾಟಿಬಿಡುತ್ತೇವೆ. ತೊಳೆಯಲು ಬಿಡದಿದ್ದರೆ ತನ್ನೊಡನೆ ಅವನಿಗೆ ಪಾಲಿಲ್ಲವೆಂದು ಪ್ರಭು ಅವನಿಗೆ ಸ್ಪಷ್ಟವಾಗಿ ತಿಳಿಸುತ್ತಾರೆ. ಅಂದರೆ ಕ್ರಿಸ್ತರ ಶಿಷ್ಯನ ಮೊದಲ ಪಾಠ ಸೇವೆ ಮಾಡುವುದಲ್ಲ, ಸೇವೆಯನ್ನು ಸ್ವೀಕರಿಸುವುದು. ತನ್ನ ಕಾಲೂ ಕೊಳೆಯಾಗಿದೆ, ಅದನ್ನು ಬೇರೊಬ್ಬರು ತೊಳೆದರು ಎಂಬುದನ್ನು ಒಪ್ಪಿಕೊಂಡವನು ಮಾತ್ರ ಇನ್ನೊಬ್ಬನ ಕಾಲನ್ನು ಅವಮಾನವಾಗದಂತೆ ಮುಟ್ಟಬಲ್ಲನು. ಬಾವಿಯ ಬಳಿ ಸಮಾರ್ಯದ ಸ್ತ್ರೀಗೆ ಜೀವಜಲ ಕೊಡುವ ಮೊದಲು ಯೇಸು ಅವಳಿಂದ ಕುಡಿಯಲು ನೀರು ಕೇಳಿದರು ಎಂಬುದೂ ಇಲ್ಲಿ ನೆನಪಾಗಬೇಕು.

ನಾವು ಮೈದಾನದಲ್ಲಿ ನಿಂತು ಕೊಟ್ಟೆವು. ಆ ನರ್ಸ್ ಜಗಲಿಯಲ್ಲಿ ಕುಳಿತು ಪಡೆದರು. ನಮ್ಮ ಕೊಡುಗೆಯಿಂದ ಆ ತಾಯಿ ಚಿಕ್ಕವರಾದರು. ಒಂದು ಲೋಟ ಚಹಾ ಕೊಟ್ಟು ಮತ್ತೆ ಮನೆಯ ಯಜಮಾನಿಯಾದರು. ಕೆಲವು ದಿನಗಳ ಬಳಿಕ ನಾವೂ ಅಲ್ಲಿಗೆ ಹೋಗಿ ಕ್ಷಮೆ ಕೇಳಿದೆವು. ನಮಗೂ ಚಹಾ ಸಿಕ್ಕಿತು. ಅಂದಿನಿಂದ ನಮ್ಮ ಯಾವ ಹಂಚಿಕೆಯಲ್ಲಿಯೂ ಫೋಟೋ ಇಲ್ಲ. ಲೆಕ್ಕ ಕೇಳುವ ದಾನಿಗಳಿಗೆ ರಶೀದಿಗಳನ್ನು ತೋರಿಸುತ್ತೇವೆ.

ಕಡತವಲ್ಲ, ಮನುಷ್ಯ

ಫ್ರಾನ್ಸಿನ ತತ್ತ್ವಜ್ಞಾನಿ ಗಾಬ್ರಿಯೆಲ್ ಮಾರ್ಸೆಲ್ (1889–1973) ಮೊದಲ ಮಹಾಯುದ್ಧದ ಕಾಲದಲ್ಲಿ ರೆಡ್‌ಕ್ರಾಸ್ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಕಾಣೆಯಾದ ಸೈನಿಕರ ಸುದ್ದಿಯನ್ನು ಹುಡುಕಿ ಮನೆಯವರಿಗೆ ತಿಳಿಸುವ ಕೆಲಸ ಅದು. ಪ್ರತಿಯೊಬ್ಬ ಸೈನಿಕನಿಗೂ ಒಂದೊಂದು ಚೀಟಿ. ಆದರೆ ಮಗನಿಗಾಗಿ, ಗಂಡನಿಗಾಗಿ ವಿಚಾರಿಸಲು ಬಂದವರ ಮುಖ ನೋಡಿದ ಮೇಲೆ ಅವರಿಗೆ ಆ ಚೀಟಿಗಳು ಚೀಟಿಗಳಾಗಿ ಉಳಿಯಲಿಲ್ಲ. ಮುಂದೆ ಅವರ ತತ್ತ್ವಚಿಂತನೆಯಲ್ಲಿ ಒಂದು ಮಾತು ಕೇಂದ್ರಸ್ಥಾನ ಪಡೆಯಿತು. ಕನ್ನಡದಲ್ಲಿ ಅದನ್ನು 'ಒದಗುವಿಕೆ' ಎನ್ನಬಹುದು. ಇನ್ನೊಬ್ಬನ ಮುಂದೆ ನಾನು ಇಡಿಯಾಗಿ ಇದ್ದೇನೆ, ಅವನಿಗೆ ಒದಗುತ್ತೇನೆ ಎಂಬ ಭಾವ. ಒಬ್ಬನು ಎಲ್ಲವನ್ನೂ ಕೊಟ್ಟೂ ಒದಗದೆ ಇರಬಹುದು. ಕೈಯಲ್ಲಿ ಕೊಡಲು ಏನೂ ಇಲ್ಲದವನು ಪೂರ್ಣವಾಗಿ ಒದಗಬಹುದು.

ನಮ್ಮ ತರುಣನ ಪ್ರಶ್ನೆಗೆ ಉತ್ತರದ ಮೊದಲ ಭಾಗ ಇಲ್ಲಿದೆ. ಹಣವು ತಲುಪುತ್ತದೆ, ನಿಜ. ಅಕ್ಕಿಗೂ ಔಷಧಕ್ಕೂ ಹಣ ಬೇಕು. ಆ ಹದಿಮೂರು ಲಕೋಟೆಗಳನ್ನು ನಾವು ಹಗುರವಾಗಿ ಕಾಣುವುದಿಲ್ಲ. ಹಾಸಿಗೆ ಹಿಡಿದವರು, ಹಸುಗೂಸಿನ ತಾಯಂದಿರು, ಪಾಳಿಯ ಕೆಲಸದವರು ಲಕೋಟೆಯನ್ನೇ ಕಳುಹಿಸಬಲ್ಲರು. ಅದು ಅವರ ಮಟ್ಟಿಗೆ ಪೂರ್ಣ ಸೇವೆ. ಆದರೆ ಹೋಗಬಲ್ಲವನು ಹೋಗದೆ ಹಣ ಮಾತ್ರ ಕಳುಹಿಸಿದಾಗ ಬಡವನಿಗೆ ಅಕ್ಕಿ ಸಿಗುತ್ತದೆ, ಕಳುಹಿಸಿದವನಿಗೆ ಪಾಠ ಸಿಗುವುದಿಲ್ಲ. ಬಡವನು ಅವನ ಪಾಲಿಗೆ ಒಂದು ಅಂಕಿಯಾಗಿಯೇ ಉಳಿಯುತ್ತಾನೆ.

ಕರುಣೆಗೂ ಕ್ರಮ ಬೇಕು

ಹೋದರೆ ಸಾಕೆ? ಸಾಲದು. 1617ರಲ್ಲಿ ಫ್ರಾನ್ಸಿನ ಶಾತಿಯೋಂ ಎಂಬ ಊರಿನಲ್ಲಿ ಸಂತ ವಿನ್ಸೆಂಟರು ಧರ್ಮಗುರುವಾಗಿದ್ದರು. ಒಂದು ಭಾನುವಾರ ಪೂಜೆಗೆ ಸಿದ್ಧರಾಗುತ್ತಿದ್ದಾಗ, ಊರ ಹೊರಗಿನ ಒಂದು ಮನೆಯಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ನೋಡುವವರಿಲ್ಲ ಎಂಬ ಸುದ್ದಿ ಬಂತು. ಅವರು ಪ್ರಬೋಧನೆಯಲ್ಲಿ ಅದನ್ನು ತಿಳಿಸಿದರು. ಮಧ್ಯಾಹ್ನ ಅವರು ಆ ಮನೆಯತ್ತ ಹೊರಟಾಗ ದಾರಿಯುದ್ದಕ್ಕೂ ಜನವೋ ಜನ. ಎಲ್ಲರೂ ಆಹಾರ ಹೊತ್ತು ಹೋಗಿ ಬರುತ್ತಿದ್ದರು. ಬೇರೊಬ್ಬರಾಗಿದ್ದರೆ ಈ ದೃಶ್ಯ ಕಂಡು ಹಿಗ್ಗುತ್ತಿದ್ದರು. ವಿನ್ಸೆಂಟರಿಗೆ ಹೊಳೆದದ್ದು ಬೇರೆ: ಇಂದು ಇಷ್ಟೊಂದು ಆಹಾರ ಹಾಳಾಗುತ್ತದೆ, ನಾಳೆ ಇವರು ಮತ್ತೆ ಹಸಿಯುತ್ತಾರೆ. ಕೆಲವೇ ದಿನಗಳಲ್ಲಿ ಅವರು ಊರಿನ ಸ್ತ್ರೀಯರನ್ನು ಕೂಡಿಸಿ, ಸರದಿಯ ಪ್ರಕಾರ ರೋಗಿಗಳನ್ನು ನೋಡಿಕೊಳ್ಳುವ ಸಂಘವೊಂದನ್ನು ಕಟ್ಟಿದರು.

ಆದಿ ಕ್ರೈಸ್ತ ಸಭೆಯ ಕಥೆಯೂ ಇದೇ. ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯದಲ್ಲಿ, ದಿನದ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ದೂರು ಏಳುತ್ತದೆ. ಪ್ರೇಷಿತರು ಆ ದೂರನ್ನು ಅಡಗಿಸಲಿಲ್ಲ. ಏಳು ಮಂದಿ ಸೇವಕರನ್ನು ಆರಿಸಿ ಅವರಿಗೆ ಹೊಣೆ ಒಪ್ಪಿಸಿದರು. ಧರ್ಮಸಭೆಯಲ್ಲಿ ಸಂಘಟಿತ ಸೇವೆ ಹುಟ್ಟಿದ್ದು ಒಂದು ಗೊಣಗಾಟದಿಂದ ಎಂಬುದು, ದಿನವೂ ಗೊಣಗಾಟ ಕೇಳುವ ನಮ್ಮಂಥ ಗುರುಗಳಿಗೆ ಸಮಾಧಾನದ ಸಂಗತಿ.

ವಿನ್ಸೆಂಟ್ ದೆ ಪಾವ್ಲ್ ಸಭೆಯ ಕ್ರಮ ಸರಳ. ಸದಸ್ಯರು ಸಭೆ ಸೇರಿ ಪ್ರಾರ್ಥಿಸುತ್ತಾರೆ, ಒಂದಿಷ್ಟು ಆಧ್ಯಾತ್ಮಿಕ ವಾಚನ ಮಾಡುತ್ತಾರೆ, ಭೇಟಿ ನೀಡಿದ ಮನೆಗಳ ವರದಿ ಒಪ್ಪಿಸುತ್ತಾರೆ. ಕೊನೆಗೆ ಒಂದು ಚೀಲ ಸುತ್ತು ಬರುತ್ತದೆ. ಯಾರು ಎಷ್ಟು ಹಾಕಿದರೆಂದು ಯಾರಿಗೂ ತಿಳಿಯಬಾರದು. ಭೇಟಿಗೆ ಇಬ್ಬಿಬ್ಬರಾಗಿ ಹೋಗಬೇಕು. ಪ್ರಭು ತಮ್ಮ ಶಿಷ್ಯರನ್ನು ಕಳುಹಿಸಿದ್ದೂ ಇಬ್ಬಿಬ್ಬರನ್ನಾಗಿ. ಮನೆಯವರ ಗುಟ್ಟು ಸಭೆಯ ಹೊರಗೆ ಹೋಗಬಾರದು. ಬಡವರ ಮತ ಯಾವುದೆಂದು ನೋಡಬಾರದು.

ಕರಾವಳಿಯ ನಮಗೆ ಇದು ಹೊಸತೇನಲ್ಲ. ನಮ್ಮ ಇಗರ್ಜಿಗಳಲ್ಲಿ ವಾಡೆಗೊಬ್ಬ ಗುರಿಕಾರನಿರುವ ಪದ್ಧತಿ ಬಹಳ ಹಿಂದಿನಿಂದ ಬಂದುದು. ಯಾವ ಮನೆಯಲ್ಲಿ ಕಾಯಿಲೆ, ಯಾವ ಮನೆಯಲ್ಲಿ ಜಗಳ, ಯಾರಿಗೆ ಅಂತಿಮ ಸಂಸ್ಕಾರ ಬೇಕು ಎಂಬುದು ಗುರುವಿಗಿಂತ ಮೊದಲು ಗುರಿಕಾರನಿಗೆ ತಿಳಿಯುತ್ತಿತ್ತು. ರಾತ್ರಿ ಲಾಟೀನು ಹಿಡಿದು ಗದ್ದೆಯ ಹುಣಿಯ ಮೇಲೆ ಬಂದು ಬಾಗಿಲು ತಟ್ಟುತ್ತಿದ್ದ ಗುರಿಕಾರರನ್ನು ನಾವು ಬಾಲ್ಯದಲ್ಲಿ ಕಂಡಿದ್ದೇವೆ. ಸಂಬಳವಿಲ್ಲ, ಬಿರುದಿಲ್ಲ. 1965ರ ನವೆಂಬರ್ 18ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಶ್ರೀಸಾಮಾನ್ಯರ ಪ್ರೇಷಿತ ಕಾರ್ಯವನ್ನು ಕುರಿತ ತನ್ನ ಆಜ್ಞಾಪತ್ರವನ್ನು ಹೊರಡಿಸುವ ಮೊದಲೇ ನಮ್ಮ ವಾಡೆಗಳಲ್ಲಿ ಆ ಕಾರ್ಯ ನಡೆಯುತ್ತಿತ್ತು.

ಋಣವನ್ನು ದಾನವೆನ್ನಬಾರದು

ಆ ಆಜ್ಞಾಪತ್ರದ ಎಂಟನೆಯ ವಿಭಾಗದಲ್ಲಿ ಒಂದು ಎಚ್ಚರಿಕೆಯಿದೆ. ನ್ಯಾಯವಾಗಿ ಸಲ್ಲಬೇಕಾದುದನ್ನು ಪ್ರೀತಿಯ ಕೊಡುಗೆಯೆಂದು ತೋರಿಸಬಾರದು. ಮೊದಲು ನ್ಯಾಯ ಸಲ್ಲಲಿ ಎಂಬುದು ಅದರ ತಾತ್ಪರ್ಯ. ಸ್ವಯಂಸೇವಕರಾದವರು ಇದನ್ನು ಮತ್ತೆ ಮತ್ತೆ ನೆನೆಯಬೇಕು. ಭಾನುವಾರ ಬಡವರಿಗೆ ಅಕ್ಕಿ ಹಂಚಿ, ಸೋಮವಾರ ತೋಟದ ಆಳಿನ ಕೂಲಿಯನ್ನು ನಾಳೆಗೆ ತಳ್ಳುವವನ ಸೇವೆ ಎಂಥದು? ತಡೆಹಿಡಿದ ಕೂಲಿಯ ಕೂಗು ದೇವರ ಕಿವಿಗೆ ಮುಟ್ಟುತ್ತದೆ ಎಂದು ಯಕೋಬನ ಪತ್ರ ಎಚ್ಚರಿಸುತ್ತದೆ.

ನಮ್ಮ ಸಭೆಯ ಅಧ್ಯಕ್ಷರು ನಿವೃತ್ತ ಮುಖ್ಯೋಪಾಧ್ಯಾಯರು. ಊರಿಗೆಲ್ಲ ಅವರು 'ಮಾಷ್ಟ್ರು'. ಅವರು ಒಬ್ಬ ವೃದ್ಧರಿಗೆ ತಿಂಗಳು ತಿಂಗಳು ಸಹಾಯಧನ ಕೊಡುತ್ತಿದ್ದರು. ಒಂದು ದಿನ ಅವರಿಗೇ ಅನ್ನಿಸಿತು: ಈ ಹಿರಿಯರಿಗೆ ಸಂಧ್ಯಾ ಸುರಕ್ಷಾ ಯೋಜನೆಯ ಪಿಂಚಣಿ ಏಕೆ ಬರುತ್ತಿಲ್ಲ? ವಿಚಾರಿಸಿದರೆ, ದಾಖಲೆಗಳಲ್ಲಿ ಹೆಸರು ಎರಡು ಬಗೆಯಾಗಿತ್ತು. ಮಾಷ್ಟ್ರು ಆ ಹಿರಿಯರನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ನಾಡಕಚೇರಿಗೆ ಐದು ಸಲ ಅಲೆದರು. ಈಗ ಪಿಂಚಣಿ ಬರುತ್ತಿದೆ. ಸಭೆಯ ಸಹಾಯಧನ ನಿಂತಿದೆ. "ಈಗ ನಾನು ಹೋದರೆ ಅವರು ಎದ್ದು ನಿಲ್ಲುವುದಿಲ್ಲ ಫಾದರ್, ಕುಳಿತೇ ಮಾತನಾಡುತ್ತಾರೆ" ಎಂದು ಮಾಷ್ಟ್ರು ಬಹಳ ಸಂತೋಷದಿಂದ ಹೇಳಿದರು. ದಾನ ಪಡೆಯುವವನು ಎದ್ದು ನಿಲ್ಲುತ್ತಾನೆ, ಹಕ್ಕು ಪಡೆದವನು ಕುಳಿತು ಮಾತನಾಡುತ್ತಾನೆ. ನ್ಯಾಯಕ್ಕೂ ದಾನಕ್ಕೂ ಇರುವ ಅಂತರವನ್ನು ನಮಗೆ ಇಷ್ಟು ಚೆನ್ನಾಗಿ ಯಾವ ಪ್ರಾಧ್ಯಾಪಕರೂ ಕಲಿಸಿರಲಿಲ್ಲ.

ಇಗರ್ಜಿಯ ಒಳಗೆ

ಸೇವೆಯೆಂದರೆ ಹೊರಗಿನ ಬಡವರ ಸೇವೆ ಮಾತ್ರವಲ್ಲ. ಗಾಯನವೃಂದ, ಧರ್ಮೋಪದೇಶದ ತರಗತಿ, ಪೀಠದ ಅಲಂಕಾರ, ಮರಣದ ಮನೆಯಲ್ಲಿ ಕುರ್ಚಿ ಜೋಡಿಸುವುದು ಇವೆಲ್ಲವೂ ಸೇವೆಯೇ. ಮುಂಜಾನೆ ಐದೂವರೆಗೆ ಬಂದು ಬಾಗಿಲು ತೆರೆಯುವವರು ಇಲ್ಲದಿದ್ದರೆ ನಮ್ಮ ಪೂಜೆ ಆರಕ್ಕೆ ಆರಂಭವಾಗದು. ಆದರೆ ಒಂದು ನೋವಿನ ಮಾತನ್ನೂ ಹೇಳಬೇಕಾಗಿದೆ. ವಾರ್ಷಿಕ ಹಬ್ಬದ ಬ್ಯಾನರಿನಲ್ಲಿ ಹೆಸರು ಕೆಳಗೆ ಬಂತೆಂದು ಗಾಯನವೃಂದವನ್ನೇ ಬಿಟ್ಟವರನ್ನು ನಾವು ಕಂಡಿದ್ದೇವೆ. ಹೊರೆಕಾಣಿಕೆಯ ಸಮಿತಿಯಲ್ಲಿ ಸ್ಥಾನ ಸಿಗಲಿಲ್ಲವೆಂದು ಎರಡು ಮನೆಗಳವರು ಮಾತು ಬಿಟ್ಟದ್ದನ್ನೂ ಕಂಡಿದ್ದೇವೆ. ಜೆಬೆದಾಯನ ಮಕ್ಕಳು ಪ್ರಭುವಿನ ಬಲಕ್ಕೂ ಎಡಕ್ಕೂ ಆಸನ ಕೇಳಿದ್ದು ಇದೇ ರೋಗದಿಂದ. ಪ್ರಭು ಅವರನ್ನು ಅಟ್ಟಲಿಲ್ಲ. ದೊಡ್ಡವನಾಗಬೇಕೆಂದಿರುವವನು ಎಲ್ಲರ ಆಳಾಗಲಿ ಎಂದು ತಿದ್ದಿದರು. ಅವರಲ್ಲಿ ಒಬ್ಬನಾದ ಯಾಕೋಬನು ಮುಂದೆ ಪ್ರೇಷಿತರಲ್ಲಿ ಮೊದಲ ರಕ್ತಸಾಕ್ಷಿಯಾದನು. ತಿದ್ದಿಸಿಕೊಳ್ಳುವವನೇ ಶಿಷ್ಯ ಎಂದು ಮೇಲೆ ಹೇಳಿದ್ದು ಇದಕ್ಕಾಗಿಯೇ. ಈ ಮಾತು ಬ್ಯಾನರಿನ ನಡುವೆ ತಮ್ಮ ಭಾವಚಿತ್ರ ಅಚ್ಚಾಗಲು ಬಿಟ್ಟ ಗುರುಗಳಿಗೂ ಅನ್ವಯಿಸುತ್ತದೆ. ನಾವು ಅವರಲ್ಲಿ ಒಬ್ಬರು.

ಎರಡು ಗಂಟೆ

ಪಾಸ್ಕ ಹಬ್ಬ ಕಳೆದ ಮೇಲೆ ಒಂದು ಶನಿವಾರ ಆ ತರುಣ ತಾನಾಗಿಯೇ ಬಂದನು. ಒಂದು ಸಲ ನೋಡುತ್ತೇನೆ, ಆಗದಿದ್ದರೆ ಬಿಡುತ್ತೇನೆ ಎಂದನು. ಮಾಷ್ಟ್ರು ಅವನನ್ನು ಜೊತೆಯಲ್ಲಿ ಕರೆದೊಯ್ದರು. ಹೋದದ್ದು ಬಡವರ ಮನೆಗಲ್ಲ. ಹಂಚಿನ ಮನೆಯ ಜಾಗದಲ್ಲಿ ಎರಡು ಮಹಡಿಯ ಮನೆ, ಗೇಟು, ನಾಲ್ಕು ಕ್ಯಾಮೆರಾ. ಒಳಗೆ ಎಂಬತ್ತು ದಾಟಿದ ಒಬ್ಬರೇ ತಾಯಿ. ಮಕ್ಕಳು ಹೊರದೇಶದಲ್ಲಿ. ಅಮ್ಮ ಜಗಲಿಗೆ ಬಂದರೆ ಮಗನಿಗೆ ಅಲ್ಲಿಂದಲೇ ಕಾಣುತ್ತದೆ. ಅಮ್ಮನಿಗೆ ಮಗ ಕಾಣುವುದಿಲ್ಲ. ಇವರಿಗೆ ಹಣ ಕಳುಹಿಸುವವರು ಬೇಕಾಗಿಲ್ಲ; ಎದುರಿಗೆ ಕುಳಿತುಕೊಳ್ಳುವವರು ಬೇಕು. ನಮ್ಮ ಕರಾವಳಿಯ ಹೊಸ ಬಡತನ ಇದು. ಇದಕ್ಕೆ ಲಕೋಟೆಯಲ್ಲಿ ಮದ್ದಿಲ್ಲ.

ತರುಣ ಸುಮ್ಮನೆ ಕುಳಿತಿದ್ದನಂತೆ. ಆ ತಾಯಿ ಅವನ ಮನೆತನ ಕೇಳಿದರು, ಅಜ್ಜಿಯ ಹೆಸರು ಕೇಳಿದರು. ಅಜ್ಜಿಯೂ ಆಕೆಯೂ ಒಂದೇ ಶಾಲೆಗೆ ಹೋದವರು! ಒಂದು ಮಳೆಗಾಲ ಸಂಕ ಕೊಚ್ಚಿಹೋದಾಗ ಅವನ ಅಜ್ಜಿ ಸಣ್ಣ ಹುಡುಗಿಯರನ್ನು ಒಬ್ಬೊಬ್ಬರಾಗಿ ಬೆನ್ನ ಮೇಲೆ ಹೊತ್ತು ತೋಡು ದಾಟಿಸಿದ್ದರೆಂದೂ, ಹಾಗೆ ದಾಟಿದವರಲ್ಲಿ ತಾನೂ ಒಬ್ಬಳೆಂದೂ ಆಕೆ ಹೇಳಿದರು. ಆ ಸಂಜೆ ಅವನು ನಮ್ಮ ಬಳಿ ಬಂದು, "ಫಾದರ್, ನಾನು ಅಲ್ಲಿ ಏನೂ ಕೊಡಲಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ನಮ್ಮಜ್ಜಿಯ ಕಥೆಯನ್ನು ಅವರೇ ನನಗೆ ಕೊಟ್ಟರು" ಎಂದನು. ಹಣ ತಲುಪಿದರೆ ಸಾಲದೇ ಎಂಬ ತನ್ನ ಪ್ರಶ್ನೆಗೆ ಅವನೇ ಉತ್ತರ ಕಂಡುಕೊಂಡಿದ್ದನು. ಈಗ ಅವನು ಪ್ರತಿ ಶನಿವಾರ ಹೋಗುತ್ತಾನೆ.

ಓಝಾನಾಮ್ ತೀರಿಕೊಂಡದ್ದು 1853ರ ಸೆಪ್ಟೆಂಬರ್ 8ರಂದು, ಮಾರ್ಸೆಯ್ ಪಟ್ಟಣದಲ್ಲಿ, ನಾಲ್ವತ್ತನೆಯ ವಯಸ್ಸಿನಲ್ಲಿ. ಗುರುವಲ್ಲ, ಸನ್ಯಾಸಿಯಲ್ಲ, ವಿಶ್ವವಿದ್ಯಾಲಯದ ಪ್ರಾಧ್ಯಾಪಕ, ಒಬ್ಬಳು ಹೆಂಡತಿಯ ಗಂಡ, ಒಬ್ಬಳು ಮಗಳ ತಂದೆ. ಸೆಪ್ಟೆಂಬರ್ 8 ಕನ್ಯಾ ಮರಿಯಮ್ಮನವರ ಜನನದ ಹಬ್ಬ, ನಮ್ಮ ಮೊಂತಿ ಹಬ್ಬ. ಅಂದು ಆಶೀರ್ವದಿಸಿದ ಹೊಸ ತೆನೆಯನ್ನು ಪ್ರತಿಯೊಂದು ಮನೆಗೂ ಒಯ್ಯುತ್ತೇವೆ. ಭತ್ತದ ಕಾಳುಗಳನ್ನು ಸುಲಿದು, ಪಾಯಸಕ್ಕೋ ಹಾಲಿಗೋ ಬೆರೆಸಿ, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಸ್ವೀಕರಿಸುತ್ತೇವೆ. ಇಗರ್ಜಿಗೆ ಬರಲಾರದವರ ಮನೆಗಳಿಗೆ ಕಳೆದ ಹಬ್ಬದಂದು ತೆನೆ ಮುಟ್ಟಿಸಿದವರು ಮಾಷ್ಟ್ರು ಮತ್ತು ಆ ತರುಣ. ಎರಡು ಮಹಡಿಯ ಮನೆಯ ತಾಯಿ ಅವರಿಬ್ಬರನ್ನೂ ಊಟಕ್ಕೆ ಕೂರಿಸಿಕೊಂಡರು. ಮೂರು ವರ್ಷಗಳ ಬಳಿಕ ಆ ಮನೆಯಲ್ಲಿ ಹೊಸ ಅಕ್ಕಿಯ ಊಟ ಒಬ್ಬರೇ ಮಾಡುವಂತಾಗಲಿಲ್ಲ.

ನಮ್ಮ ಸಭೆಯಲ್ಲಿ ಈಗ ಒಂಬತ್ತು ಮಂದಿ ಇದ್ದಾರೆ. ಮಾಷ್ಟ್ರ ಮೊಣಕಾಲು ಇನ್ನೊಂದು ಮಳೆಗಾಲ ತಾಳುವುದೋ ತಿಳಿಯದು. ನೋಡಬೇಕಾದ ಮನೆಗಳು ಇಪ್ಪತ್ತಮೂರು. ಈ ಬರಹ ಓದುತ್ತಿರುವವರ ಊರಿನಲ್ಲಿಯೂ ಲೆಕ್ಕ ಹೆಚ್ಚುಕಡಿಮೆ ಹೀಗೆಯೇ ಇರಬಹುದು. ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಕಾಣಿಕೆ ಡಬ್ಬಿಯ ಮುಂದೆ ಒಂದು ಕ್ಷಣ ನಿಂತು, ಹಣದೊಡನೆ ಹೆಸರನ್ನೂ ಕೊಡಬಹುದೇ ಎಂದು ಯೋಚಿಸಿರಿ. ವಾರಕ್ಕೆ ಎರಡು ಗಂಟೆ. ಮಾತನಾಡಲು ಬಾರದಿದ್ದರೂ ಚಿಂತೆಯಿಲ್ಲ. ಅಲ್ಲಿ ಮಾತನಾಡುವವರು ಬೇರೆಯವರಿದ್ದಾರೆ. ಪ್ರಭು ಯೇಸು ತಮ್ಮ ಶಿಷ್ಯರಿಗೆ ಪಾಠ ಹೇಳಲು ಆರಿಸಿಕೊಂಡವರು ಅವರೇ.